ಹನುಮಂತಯ್ಯ ಹಾಕಿದ ಬ್ರೇಕು

೧೯೭೪ನೇ ಇಸವಿ, ಸಂಕ್ರಾಂತಿ ಕಳೆದ ಮರುವಾರ. ಆಗ ನನಗೆ ಇಪ್ಪತ್ತಮೂರು ವರ್ಷ. ದೊಡ್ಡಬಳ್ಳಾಪುರದಲ್ಲಿ ವೆಂಕಟಾಚಲಪ್ಪನವರ ಮಗ್ಗದ ಮನೆಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಕರೆಂಟಿನ ಎಂಟು ಮಗ್ಗಗಳಿದ್ದವು. ನೇಯುವುದು ನನ್ನ ಕೆಲಸವಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಎಂಟೂ ಮಗ್ಗಗಳಿಗೆ ಎಣ್ಣೆ ಬಿಡುವುದು, ಹಗಲಿನಲ್ಲಿ ಯಾವುದು ಕೆಟ್ಟು ನಿಂತರೂ ಬಿಚ್ಚಿ ಸರಿಮಾಡುವುದು ನನ್ನ ಕೆಲಸ. ಹಿಂದಿನ ದೀಪಾವಳಿಯಿಂದಷ್ಟೇ ಯಜಮಾನರು ನನ್ನನ್ನು ಹೆಸರು ಹಿಡಿದು ಕರೆಯುವುದು ಬಿಟ್ಟು "ಮೇಸ್ತ್ರಿ" ಎನ್ನತೊಡಗಿದ್ದರು. ಆ ಕರೆ ನನಗೆ ಬಹಳ ಹಿಡಿಸಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಮಾಡಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಇವತ್ತಿಗೂ ಸಿಕ್ಕಿಲ್ಲ.

ಯಜಮಾನರ ಅಕ್ಕನ ಮಗ ಮುನಿಕೃಷ್ಣ ಮೂರನೇ ಮಗ್ಗದಲ್ಲಿ ನೇಯುತ್ತಿದ್ದ. ಶಾಲೆಯಿಂದಲೂ ನಾವಿಬ್ಬರೂ ಜೊತೆ. ಆ ಜನವರಿಯಲ್ಲಿ ಮಗ್ಗದ ಮನೆಯ ಹೆಂಚು ತೆಗೆದು ಹೊಸದಾಗಿ ಹೊದಿಸುವ ಕೆಲಸ ಹಿಡಿದಿದ್ದರಿಂದ ಎಲ್ಲರಿಗೂ ಎರಡು ವಾರ ಬಿಡುವು ಸಿಕ್ಕಿತು. ಇಬ್ಬರೂ ಸಮುದ್ರ ನೋಡಿದವರಲ್ಲ. ಸೈಕಲ್ ಮೇಲೆ ಹೋಗೋಣ ಎಂದವನು ಮುನಿಕೃಷ್ಣ. ಆಗುಂಬೆ ಘಾಟಿ ಇಳಿದರೆ ಅವತ್ತೇ ಸಂಜೆಗೆ ಮಲ್ಪೆ ಸಮುದ್ರ ಎಂದು ಯಾರೋ ಲಾರಿ ಡ್ರೈವರ್ ಅವನಿಗೆ ಹೇಳಿದ್ದನಂತೆ. ಯಜಮಾನರು ಬೇಡವೆನ್ನಲಿಲ್ಲ.

"ಹೋಗ್ರಪ್ಪ, ಕೈಕಾಲು ಉಳಿಸ್ಕೊಂಡು ಬನ್ನಿ. ಮಗ್ಗ ಕಾಯ್ತಿರ್ತವೆ," ಎಂದರು.

ನಮ್ಮ ಬೀದಿಯ ಮೂಲೆಯಲ್ಲಿ ಹನುಮಂತಯ್ಯನವರ ಸೈಕಲ್ ಶಾಪಿತ್ತು. ಐವತ್ತರ ಆಸುಪಾಸಿನ ಮನುಷ್ಯ, ಮಾತು ಕಮ್ಮಿ. ನೇಕಾರರ ಮನೆಗಳ ಸೈಕಲ್‌ಗಳೆಲ್ಲ ಅವರ ಕೈಯಲ್ಲೇ ರಿಪೇರಿಯಾಗುತ್ತಿದ್ದವು. ಅವರು ನಮ್ಮ ಎರಡೂ ಸೈಕಲ್‌ಗಳನ್ನು ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿಕೊಟ್ಟರು. ನನ್ನ ಸೈಕಲ್ಲಿನ ಬ್ರೇಕ್ ರಬ್ಬರುಗಳನ್ನು ಆಯುಧಪೂಜೆಗೇ ಬದಲಾಯಿಸಿದ್ದೆ. ಮುನಿಕೃಷ್ಣನವು ಸವೆದಿದ್ದವು. ಅವನಿಗೆ ನಾಲ್ಕೂ ಹೊಸ ರಬ್ಬರು ಹಾಕಿದರು. ಹೊಸ ಡಬ್ಬಿ ಒಡೆದು ತೆಗೆದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಹೊರಡುವಾಗ ಅವರು ನನಗೆ ಒಂದು ಮಾತು ಹೇಳಿದರು. "ನಿನ್ನ ಕೈ ಸುಮ್ನಿರಲ್ಲ, ನಂಗೊತ್ತು. ಚೈನಿಗೆ ದಿನಾ ಎರಡು ತೊಟ್ಟು ಬಿಡು. ಬೇರೆ ಎಲ್ಲೂ ಕೈಯಾಡಿಸ್ಬೇಡ. ನಾನು ಎಲ್ಲಾ ನೋಡಿದೀನಿ."

"ಆಗ್ಲಿ ಹನುಮಂತಣ್ಣ," ಎಂದೆ. ಆದರೂ ಮಗ್ಗದ ಮನೆಯ ಸಣ್ಣ ಎಣ್ಣೆ ಡಬ್ಬಿಯನ್ನು ನೂಲಿನ ಚಿಂದಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ದಾಬಸ್‌ಪೇಟೆಯ ಹತ್ತಿರ ದೊಡ್ಡ ರಸ್ತೆ ಸೇರಿ, ತುಮಕೂರು, ಅರಸೀಕೆರೆ, ಶಿವಮೊಗ್ಗ ಎಂದು ತುಳಿದು, ಐದನೇ ದಿನ ಸಂಜೆ ಆಗುಂಬೆ ತಲುಪಿದೆವು. ದಾರಿಯಲ್ಲಿ ಒಂದು ಪಂಕ್ಚರ್ ಬಿಟ್ಟರೆ ಸೈಕಲ್‌ಗಳಿಂದ ಏನೂ ತೊಂದರೆಯಾಗಲಿಲ್ಲ. ಒಂದು ಸಂಗತಿ ಮಾತ್ರ ನನ್ನನ್ನು ಕಾಡುತ್ತಿತ್ತು. ಮುನಿಕೃಷ್ಣ ಬ್ರೇಕ್ ಹಿಡಿದಾಗಲೆಲ್ಲ ಹೊಸ ರಬ್ಬರು "ಕೀ" ಎಂದು ಕೂಗುತ್ತಿತ್ತು. ಮಗ್ಗದ ಮನೆಯಲ್ಲಿ ಯಂತ್ರ ಕೂಗಿದರೆ ಅದು ಮೇಸ್ತ್ರಿಗೆ ಅವಮಾನ. ಅಲ್ಲಿ ಕೂಗಿದ ಜಾಗಕ್ಕೆ ಎಣ್ಣೆ ಬಿಡಬೇಕು, ಅಷ್ಟೇ. ಆರು ವರ್ಷ ನಾನು ಕಲಿತದ್ದು ಅದನ್ನೇ. ಬ್ರೇಕು ನಿಲ್ಲಿಸುವುದಕ್ಕೆ ಇರುವ ವಸ್ತು, ಓಡಿಸುವುದಕ್ಕಲ್ಲ ಎಂಬ ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಏಳು ಗಂಟೆಯ ಹೊತ್ತು. ಮಂಜು ಇನ್ನೂ ಬಿಟ್ಟಿರಲಿಲ್ಲ. ನಾವು ರಾತ್ರಿ ಮಲಗಿದ್ದ ಚಹಾ ಅಂಗಡಿಯ ಜಗಲಿಯ ಮುಂದೆ ಎರಡೂ ಸೈಕಲ್‌ಗಳು ನಿಂತಿದ್ದವು. ಮುನಿಕೃಷ್ಣ ಮುಖ ತೊಳೆಯಲು ಹೋಗಿದ್ದ. ನಾನು ಎಣ್ಣೆ ಡಬ್ಬಿ ತೆಗೆದೆ. ಎರಡೂ ಚೈನುಗಳಿಗೆ ಬಿಟ್ಟೆ. ಆಮೇಲೆ ಮುನಿಕೃಷ್ಣನ ಬ್ರೇಕಿನ ಸರಳುಗಳ ಕೀಲುಗಳಿಗೆಲ್ಲ ಬಿಟ್ಟೆ. ಎಣ್ಣೆ ಸರಳಿನುದ್ದಕ್ಕೂ ಇಳಿದು ರಬ್ಬರಿನ ಹತ್ತಿರ ನಿಂತದ್ದನ್ನು ನೋಡಿದೆ, ಒಳ್ಳೆಯದೇ ಆಯಿತು ಎಂದುಕೊಂಡೆ. ಚಕ್ರಗಳ ಮೇಲೆ ಐದು ದಿನದ ಧೂಳಿತ್ತು. ಸಮುದ್ರಕ್ಕೆ ಹೋಗುವಾಗ ಹೊಳೆಯುತ್ತಿರಲಿ ಎಂದು ಅದೇ ಎಣ್ಣೆಯ ಚಿಂದಿಯಿಂದ ಒರೆಸತೊಡಗಿದೆ. ಕಡ್ಡಿಗಳ ನಡುವೆ ಬೆರಳು ತೂರಿಸಿ, ಬ್ರೇಕು ಹಿಡಿಯುವ ರಿಮ್ಮಿನ ಒಳಮೈಯನ್ನೂ ಬಿಡದೆ, ಮುಂದಿನ ಚಕ್ರ, ಹಿಂದಿನ ಚಕ್ರ ಎರಡನ್ನೂ ಒರೆಸಿದೆ. ನನ್ನ ಸೈಕಲ್ಲಿಗೆ ಕೈ ಹಾಕುವಷ್ಟರಲ್ಲಿ ಚಹಾ ಬಂತು. ಹಾಗಾಗಿ ನನ್ನದು ಹಾಗೇ ಉಳಿಯಿತು.

ಚಹಾ ಅಂಗಡಿಯವರು ಹಣ್ಣು ಹಣ್ಣು ಮುದುಕರು. ನಾವು ಘಾಟಿ ಇಳಿಯುತ್ತೇವೆಂದು ಕೇಳಿ, "ಸೈಕಲ್ ಹಿಂದೆ ಒಂದು ಸೊಪ್ಪಿನ ಕೊಂಬೆ ಕಟ್ಕಳಿ ಮಾರಾಯ್ರೆ. ಎಳ್ಕಂಡು ಬರ್ತದೆ, ಓಟ ಕಮ್ಮಿ ಆಗ್ತದೆ. ಇಲ್ಲಿಯವರು ಎಲ್ಲಾ ಹಾಗೇ ಇಳಿಯೋದು," ಎಂದರು.

ಮುನಿಕೃಷ್ಣ ನನ್ನ ಮುಖ ನೋಡಿದ. ಅವನಿಗೆ ಕಟ್ಟಿಕೊಳ್ಳುವ ಮನಸ್ಸಿತ್ತು ಎಂದೇ ನನಗೆ ಈಗ ಅನಿಸುತ್ತದೆ.

"ನಾವು ನಂದಿ ಬೆಟ್ಟ ಇಳ್ದೋರು ಯಜಮಾನ್ರೇ. ಸಾಲದ್ದಕ್ಕೆ ಹೊಸ ಬ್ರೇಕ್ ಹಾಕ್ಸಿದೀವಿ," ಎಂದವನು ನಾನು.

"ಏನ್ಲಾ, ಕಟ್ಕೊಂಡ್ರೆ ಏನು ಗಂಟು ಹೋಗ್ತದೆ?" ಎಂದ ಮುನಿಕೃಷ್ಣ.

"ಬೀದಿ ಗುಡಿಸ್ಕೊಂಡು ಹೋಗ್ತೀಯಾ ಸಮುದ್ರದವರ್ಗೂ? ಬಾ ಸುಮ್ನೆ."

ಅವನು ನಕ್ಕು ಹತ್ತಿದ. ಅಂಗಡಿಯ ಮುಂದೆಯೇ ಒಮ್ಮೆ ಬ್ರೇಕ್ ಒತ್ತಿ ನೋಡಿದ. ಕೂಗು ಇರಲಿಲ್ಲ.

"ಸದ್ದೇ ಇಲ್ವಲ್ಲೋ. ಏನ್ ಮಾಡ್ದೆ?"

"ಮೇಸ್ತ್ರಿ ಅಂತ ಸುಮ್ನೆ ಕರೀತಾರಾ?" ಎಂದೆ.

"ಬಿಡು ಗುರು, ನೀನು ಇಂಜಿನಿಯರ್ರು," ಎಂದ.

ಊರು ದಾಟಿ ಸ್ವಲ್ಪ ದೂರದವರೆಗೆ ರಸ್ತೆ ಹೆಚ್ಚುಕಡಿಮೆ ಸಮವಾಗಿತ್ತು. ಬ್ರೇಕಿನ ಅವಶ್ಯಕತೆಯೇ ಬೀಳಲಿಲ್ಲ. ಘಾಟಿಯ ನೆತ್ತಿಯಲ್ಲಿ ಎರಡು ನಿಮಿಷ ನಿಂತು ಕೆಳಗೆ ನೋಡಿದೆವು. ಮಂಜಿನ ಆಚೆ ಸಮುದ್ರ ಕಾಣುತ್ತದೆ ಎಂದಿದ್ದರು, ನಮಗೆ ಬರೀ ಬೆಳ್ಳಗೆ ಕಂಡಿತು. ಮುನಿಕೃಷ್ಣ ಮುಂದೆ, ನಾನು ಹಿಂದೆ, ನಡುವೆ ಸುಮಾರು ಇಪ್ಪತ್ತು ಮಾರು. ಹೀಗೆ ಇಳಿಯತೊಡಗಿದೆವು.

ಮೊದಲ ತಿರುವನ್ನು ಅವನು ಸ್ವಲ್ಪ ಅಗಲವಾಗಿ ತೆಗೆದುಕೊಂಡ. ಉತ್ಸಾಹ ಎಂದುಕೊಂಡೆ. ಎರಡನೇ ತಿರುವಿನಲ್ಲಿ ರಸ್ತೆಯ ಅಂಚಿನ ಕಟ್ಟೆಯ ಹತ್ತಿರಕ್ಕೇ ಹೋಗಿ ಬಂದ. ಅದು ದಾಟಿದ ಮೇಲೆ ಅವನ ಎರಡೂ ಮುಷ್ಟಿಗಳು ಬ್ರೇಕನ್ನು ಹ್ಯಾಂಡಲ್ಲಿಗೆ ಒತ್ತಿ ಹಿಡಿದಿರುವುದು ಹಿಂದಿನಿಂದ ನನಗೆ ಕಾಣಿಸಿತು. ಸೈಕಲ್ ಮಾತ್ರ ನಿಧಾನವಾಗುತ್ತಿರಲಿಲ್ಲ.

"ಹಿಡೀತಿಲ್ಲ ಕಣೋ. ಬ್ರೇಕ್ ಹಿಡೀತಿಲ್ಲ," ಎಂದು ಕೂಗಿದ. ಹೆದರಿದ ದನಿಯಲ್ಲ ಅದು. ಮಗ್ಗ ಕೆಟ್ಟು ನಿಂತಾಗ ನನ್ನನ್ನು ಕರೆಯುವಂತೆಯೇ ಕರೆದ. ಹಾಗೆ ಕರೆದಾಗಲೆಲ್ಲ ನಾನು ಹೋಗಿ ಸರಿಮಾಡುತ್ತಿದ್ದೆ.

"ಕಾಲು ಕೊಡೋ, ಚಕ್ರಕ್ಕೆ ಕಾಲು ಕೊಡು," ಎಂದೆ. ಅವನು ಚಪ್ಪಲಿಯ ಅಟ್ಟೆಯನ್ನು ಮುಂದಿನ ಟೈರಿಗೆ ಒತ್ತಿದ. ಚಪ್ಪಲಿ ಕಿತ್ತು ಹಾರಿತು. ಮೂರನೇ ತಿರುವು ಎದುರಿಗಿತ್ತು. ಎಡಕ್ಕೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಮರಗಳ ತುದಿ ಮಾತ್ರ ಕಾಣುತ್ತಿತ್ತು. ಬಲಕ್ಕೆ ಚರಂಡಿ, ಆಮೇಲೆ ಬೆಟ್ಟದ ಬಂಡೆ. ಅವನು ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದ. ಬೇಕೆಂದೇ ತಿರುಗಿಸಿದ. ಮುಂದಿನ ಚಕ್ರ ಚರಂಡಿಗೆ ಬಿದ್ದು, ಅವನು ಸೈಕಲ್ಲಿನ ಮೇಲಿಂದ ಹಾರಿ ಬಂಡೆಗೆ ಬಲಗೈ ಕೊಟ್ಟು ಬಿದ್ದ.

ನನ್ನ ಬ್ರೇಕು ಹಿಡಿಯಿತು. ನಾನು ನಿಂತೆ.

ಓಡಿಹೋಗಿ ಅವನನ್ನು ಎತ್ತಿ ಬಂಡೆಗೆ ಒರಗಿಸಿದೆ. ಹಣೆಯಲ್ಲಿ ರಕ್ತವಿತ್ತು, ಆಳವಲ್ಲ. ಬಲ ಮೊಣಕೈ ಇರಬೇಕಾದ ಹಾಗೆ ಇರಲಿಲ್ಲ. ನನ್ನ ಟವಲಿನಿಂದ ಕೈಯನ್ನು ಕೊರಳಿಗೆ ಕಟ್ಟಿದೆ. ನೀರು ಕುಡಿಸಿದೆ. ಅವನು ಕಣ್ಣು ಮುಚ್ಚಿಕೊಂಡು, "ಒಂಚೂರು ಸುಮ್ನೆ ಕೂತಿರ್ತೀನಿ," ಎಂದ.

ಇಲ್ಲಿಯವರೆಗೆ ನಾನು ಮಾಡಿದ್ದು ಅಜ್ಞಾನ. ಅದಕ್ಕೆ ನಾಚಿಕೆಪಡುವುದು ಬೇರೆ. ಇನ್ನು ಮುಂದಿನದು ಬೇರೆ.

ಸೈಕಲ್ಲನ್ನು ಚರಂಡಿಯಿಂದ ಎಳೆಯಲು ಹಿಂದಿನ ಚಕ್ರಕ್ಕೆ ಕೈ ಹಾಕಿದೆ. ರಿಮ್ಮಿನ ಒಳಗೆ ಬೆರಳು ಜಾರಿತು. ಬೆರಳುಗಳನ್ನು ನೋಡಿಕೊಂಡೆ. ಬೆಳಿಗ್ಗೆ ನಾನು ಮಾಡಿದ್ದು ಒಂದೊಂದಾಗಿ ಕಣ್ಣಮುಂದೆ ಬಂತು. ಒಮ್ಮೆ ಮುನಿಕೃಷ್ಣನ ಕಡೆ ತಿರುಗಿದೆ. ಅವನ ಕಣ್ಣು ಇನ್ನೂ ಮುಚ್ಚಿತ್ತು. ಚರಂಡಿಯಲ್ಲಿ ಒಣಗಿದ ಎಲೆ, ಸಣ್ಣ ಮಣ್ಣು ಇತ್ತು. ಅದನ್ನು ಹಿಡಿಹಿಡಿಯಾಗಿ ತೆಗೆದು ಎರಡೂ ರಿಮ್ಮುಗಳನ್ನು ಉಜ್ಜಿದೆ. ಎಣ್ಣೆಯ ಅಂಶ ಹೋಗುವವರೆಗೂ ಉಜ್ಜಿದೆ. ನನ್ನ ಸ್ನೇಹಿತ ಕೈ ಮುರಿದುಕೊಂಡು ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದಾಗ ನಾನು ಚಕ್ರ ಉಜ್ಜುತ್ತಿದ್ದೆ.

ಅರ್ಧ ಗಂಟೆಯ ಮೇಲೆ ಒಂದು ಸಣ್ಣ ಬಸ್ಸು ಇಳಿದು ಬಂತು. ಆ ಘಾಟಿಯಲ್ಲಿ ದೊಡ್ಡ ಬಸ್ಸುಗಳು ಓಡುತ್ತಿರಲಿಲ್ಲ. ಕಂಡಕ್ಟರ್ ಇಳಿದು, "ಎಂತ ಆಯ್ತು?" ಎಂದು ಕೇಳಿದ. ಮುನಿಕೃಷ್ಣನೇ ಹೇಳಿದ, "ಬ್ರೇಕ್ ಹಿಡೀಲಿಲ್ಲ." ಸೈಕಲ್‌ಗಳನ್ನು ಬಸ್ಸಿನ ಮೇಲೆ ಹಾಕಿ ನಮ್ಮನ್ನು ಉಡುಪಿಯ ಒಂದು ಆಸ್ಪತ್ರೆಯ ಬಾಗಿಲಲ್ಲೇ ಇಳಿಸಿದರು. ಬಸ್ಸಿನಲ್ಲಿ ಅವನು ನನ್ನ ಭುಜಕ್ಕೆ ತಲೆಯಿಟ್ಟಿದ್ದ. ಉಳಿದ ಹನ್ನೊಂದು ತಿರುವುಗಳನ್ನೂ ಹಾಗೇ ಇಳಿದೆವು.

"ರಬ್ಬರ್ ಸರಿ ಇರ್ಲಿಲ್ವೇನೋ ಕಣೋ. ಹನುಮಂತಣ್ಣ ಹಳೇದು ಹಾಕ್ಬಿಟ್ನಾ?" ಎಂದ.

"ಇರ್ಬೋದು," ಎಂದೆ.

ಆ ಮಾತಿಗೆ ಮುಂಚೆ ನಾನು ಯೋಚಿಸಲೂ ಇಲ್ಲ. ಅಷ್ಟು ಸುಲಭವಾಗಿ ಬಂತು.

ಮೊಣಕೈ ಮೂಳೆ ಮುರಿದಿತ್ತು. ಭುಜದಿಂದ ಅಂಗೈಯವರೆಗೆ ಸುಣ್ಣದ ಕಟ್ಟು ಹಾಕಿದರು. ಸಂಜೆ ನಾಲ್ಕರ ಹೊತ್ತಿಗೆ ಹೊರಗೆ ಬಂದಾಗ ಅವನು ಹೇಳಿದ ಮೊದಲ ಮಾತು, "ಇಷ್ಟು ದೂರ ಬಂದು ಸಮುದ್ರ ನೋಡ್ದೆ ಹೋದ್ರೆ ಬೀದೀಲಿ ತಲೆಯೆತ್ಕೊಂಡು ಓಡಾಡಕ್ಕಾಗಲ್ಲ."

ಬಸ್ಸಿನಲ್ಲಿ ಮಲ್ಪೆಗೆ ಹೋದೆವು. ದೋಣಿಗಳ ನಡುವೆ ಹಾದು ಮರಳಿಗೆ ಇಳಿದಾಗ ಸೂರ್ಯ ಇನ್ನೂ ಮೇಲಿದ್ದ. ಸಮುದ್ರ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ನಾನು ಅದರ ಕಡೆ ಸರಿಯಾಗಿ ನೋಡಲೇ ಇಲ್ಲ. ಮುನಿಕೃಷ್ಣ ಬಹಳ ಹೊತ್ತು ನೋಡಿದ. ನೀರು ಅವನ ಪಾದಕ್ಕೆ ಬಂದು ಬಂದು ಹೋಗುತ್ತಿತ್ತು.

"ನೀರು ಉಪ್ಪೇನಾ ನೋಡ್ಬೇಕು ಕಣೋ. ನಂಗೆ ಬಗ್ಗಕ್ಕಾಗಲ್ಲ. ಒಂಚೂರು ತಾ," ಎಂದ.

ನಾನು ಬೊಗಸೆಯಲ್ಲಿ ಸಮುದ್ರದ ನೀರು ತೆಗೆದು ಅವನ ಬಾಯಿಗೆ ಹಿಡಿದೆ. ಒಂದು ಗುಟುಕು ಹೀರಿ ಉಗಿದ. ಆಮೇಲೆ ನಗತೊಡಗಿದ. ನಕ್ಕರೆ ಕೈ ನೋಯುತ್ತಿತ್ತು, ಆದರೂ ನಗುತ್ತಿದ್ದ.

"ಉಪ್ಪೆಲ್ಲಿ ಬಂತೋ, ಬರೀ ಎಣ್ಣೆ ವಾಸನೆ ನಿನ್ ಕೈ. ಸಮುದ್ರಕ್ಕೆ ಬಂದ್ರೂ ಮಗ್ಗದ ಮನೆ ಬಿಡಲ್ವಲ್ಲೋ ನಿನ್ನ."

ನಗು ನಿಂತ ಮೇಲೆ, "ನೀನಿಲ್ದಿದ್ರೆ ನಾನು ಇವತ್ತು ಅಲ್ಲೇ ಹೋಗ್ಬಿಡ್ತಿದ್ದೆ," ಎಂದ. ಹೇಳಬೇಕೆಂದಿದ್ದರೆ ಆ ಗಳಿಗೆಗಿಂತ ಸರಿಯಾದದ್ದು ಇನ್ನೊಂದಿರಲಿಲ್ಲ. ನಾನು ಮರಳಿನಲ್ಲಿ ಕೈ ತಿಕ್ಕಿಕೊಂಡೆ.

ಬಸ್ಸು, ರೈಲು ಹಿಡಿದು ಊರಿಗೆ ಬಂದೆವು. ಮಾರನೆಯ ದಿನವೇ ಯಜಮಾನರು ಆ ಸೈಕಲ್ಲನ್ನು ನನ್ನ ಕೈಯಲ್ಲಿ ಹೊರಿಸಿಕೊಂಡು ಹನುಮಂತಯ್ಯನವರ ಶಾಪಿಗೆ ಹೋದರು. ಮುನಿಕೃಷ್ಣ ಮನೆಯಲ್ಲಿ ಮಲಗಿದ್ದ. ಶಾಪಿನಲ್ಲಿ ಪಂಕ್ಚರ್ ಹಾಕಿಸಲು ಬಂದಿದ್ದ ಒಬ್ಬ ಹಾಲಿನವನು ಇದ್ದ. ಎದುರಿನ ಎಲೆ ಅಡಿಕೆ ಅಂಗಡಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಹನುಮಂತಯ್ಯನವರನ್ನೂ ಸೇರಿಸಿ ನಾವು ಒಟ್ಟು ಐದು ಜನ.

"ಏನಯ್ಯಾ, ಹೊಸ ರಬ್ಬರ್ ಅಂತ ಹೇಳಿ ಹಳೇದು ಮೆತ್ತಿ ಕಳಿಸಿದ್ದೀಯಾ? ನಮ್ಮ ಹುಡುಗ ಕಣಿವೆಗೆ ಬಿದ್ದಿದ್ರೆ ನಮ್ಮ ಅಕ್ಕಂಗೆ ನೀನು ಬಂದು ಉತ್ತರ ಹೇಳ್ತಿದ್ದಾ?" ಎಂದರು ಯಜಮಾನರು. ಅವರ ಗಂಟಲು ಇಡೀ ಬೀದಿಗೆ ಕೇಳುತ್ತಿತ್ತು.

"ಇಲ್ಲ ಸ್ವಾಮಿ. ಹೊಸ ಡಬ್ಬಿ ಒಡ್ದು ಹಾಕ್ದೆ. ಇವ್ನೂ ಇದ್ದ."

ಯಜಮಾನರು ನನ್ನ ಕಡೆ ತಿರುಗಿದರು. "ನೀನು ಹೇಳು ಮೇಸ್ತ್ರಿ. ಜೊತೇಲಿದ್ದೋನು ನೀನು. ಬ್ರೇಕ್ ಹಿಡೀತೋ ಇಲ್ವೋ?"

"ಹಿಡೀಲಿಲ್ಲ," ಎಂದೆ.

ಆ ಮಾತಿನಲ್ಲಿ ಸುಳ್ಳು ಇರಲಿಲ್ಲ. ಎಷ್ಟೋ ವರ್ಷ ನಾನು ಆ ಒಂದು ಸಮಾಧಾನವನ್ನೇ ಹಿಡಿದುಕೊಂಡಿದ್ದೆ.

ಹನುಮಂತಯ್ಯನವರು ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಸೊಟ್ಟಗಾದ ಮುಂದಿನ ಚಕ್ರದ ಒಳಗೆ ಕೈ ಹಾಕಿ ಒಂದು ರಬ್ಬರು ಬಿಚ್ಚಿದರು. ಬಂಡೆಯ ಏಟಿಗೆ ಅದರ ಒಂದು ಮೂಲೆ ಹಾರಿಹೋಗಿತ್ತು. ಹೆಬ್ಬೆರಳಿನಿಂದ ಅದನ್ನು ಸವರಿದರು. ಮೂಗಿನ ಹತ್ತಿರ ಹಿಡಿದರು. ನಾನು ರಿಮ್ಮುಗಳನ್ನು ಉಜ್ಜಿದ್ದೆ. ರಬ್ಬರುಗಳನ್ನು ಮರೆತಿದ್ದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಯಜಮಾನರು ಇನ್ನೂ ಬೈಯುತ್ತಲೇ ಇದ್ದರು. ಆ ಬೈಗುಳ ಮುಗಿಯುವವರೆಗೂ ಅವರು ನೋಡಿದ್ದು ನನ್ನ ಮುಖವನ್ನೇ. ಆಮೇಲೆ ರಬ್ಬರನ್ನು ಜೇಬಿಗೆ ಹಾಕಿಕೊಂಡು, "ಚಕ್ರ ಬದಲಾಯಿಸಿ ಕೊಡ್ತೀನಿ ಬಿಡಿ ಸ್ವಾಮಿ," ಎಂದರು. ಯಜಮಾನರು, "ನೀನು ಮುಟ್ಟೋದೇ ಬೇಡ," ಎಂದು ಹೊರಟರು. ನಾನು ಸೈಕಲ್ ಹೊತ್ತುಕೊಂಡು ಅವರ ಹಿಂದೆ ನಡೆದೆ.

ನೇಕಾರರ ಬೀದಿಯಲ್ಲಿ ವೆಂಕಟಾಚಲಪ್ಪನವರ ಮಾತಿಗೆ ಬೆಲೆಯಿತ್ತು. ಒಂದೊಂದೇ ಮನೆಯ ಸೈಕಲ್ ಬೇರೆ ಶಾಪಿಗೆ ಹೋಗತೊಡಗಿತು. ಹಳೇದು ಹಾಕಿ ಹೊಸದೆನ್ನುವವನು ಎಂಬ ಹೆಸರು ಹನುಮಂತಯ್ಯನವರಿಗೆ ಅಂಟಿತು. ಮುಂದಿನ ಯುಗಾದಿಯ ಹೊತ್ತಿಗೆ ಅವರು ಶಾಪು ಎತ್ತಿ, ಊರಾಚೆ ದಾಬಸ್‌ಪೇಟೆ ರಸ್ತೆಯಲ್ಲಿ ಒಂದು ಮರದ ಕೆಳಗೆ ಕೂತರು. ಒಂದು ದಿನ ಹೋಟೆಲಿನ ಮುಂದೆ ಅವರ ಸೈಕಲ್ ನಿಂತಿತ್ತು. ಸುಮ್ಮನೆ ಬಗ್ಗಿ ನೋಡಿದೆ. ಮುಂದಿನ ಬ್ರೇಕಿನಲ್ಲಿ ಮೂಲೆ ಹಾರಿದ ಆ ರಬ್ಬರಿತ್ತು. ತೊಳೆದು ತಮ್ಮ ಸೈಕಲ್ಲಿಗೇ ಹಾಕಿಕೊಂಡಿದ್ದರು. ನಾಲ್ಕು ವರ್ಷ ಅವರು ಅದರ ಮೇಲೇ ಓಡಾಡಿದರು. ಅದು ಪ್ರತಿ ಸಲವೂ ಹಿಡಿಯುತ್ತಿತ್ತು, ಕೂಗಿಕೊಂಡೇ ಹಿಡಿಯುತ್ತಿತ್ತು.

೧೯೭೯ರಲ್ಲಿ ಒಂದು ಮಧ್ಯಾಹ್ನ ನಾನು ಆ ಮರದ ಕೆಳಗೆ ಹೋಗಿ ಟೈರಿನ ಗಾಳಿ ಹೋಗಿದೆ ಎಂದೆ. ಗಾಳಿ ಬಿಟ್ಟವನು ನಾನೇ. ಅವರು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು.

"ಹನುಮಂತಣ್ಣ, ಆ ಬ್ರೇಕಿಗೆ ಎಣ್ಣೆ ಹಚ್ಚಿದ್ದು ನಾನು," ಎಂದೆ.

ಅವರು ಟ್ಯೂಬ್ ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಮಗ್ಗದೆಣ್ಣೆ. ಅವತ್ತೇ ಗೊತ್ತಾಯ್ತಲ್ಲಪ್ಪ, ಮೂಸಿ ನೋಡಿದ್ನಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾದೆ. ನಿನ್ ಬಾಯಿ ಒಂದ್ಸಲ ಅಲ್ಲಾಡ್ತು ಕೂಡ. ಅಷ್ಟ್ರಲ್ಲಿ ನಿಮ್ ಯಜಮಾನ್ರು ಹೊರಟ್ಬಿಟ್ರು."

"ತಪ್ಪಾಯ್ತಣ್ಣ."

"ನಂಗ್ಯಾಕೆ ಹೇಳ್ತೀಯಪ್ಪಾ? ನಂಗೆ ಗೊತ್ತಿರೋದೇ. ಗೊತ್ತಿಲ್ದೋರಿಗೆ ಹೇಳು." ಟ್ಯೂಬನ್ನು ಒರೆಸಿ ಟೈರಿನೊಳಕ್ಕೆ ಸೇರಿಸಿ ಗಾಳಿ ಹೊಡೆದರು. "ಇದ್ರಲ್ಲಿ ತೂತಿಲ್ಲ. ಗಾಳಿ ಹೊಡ್ದಿದೀನಿ, ಸಾಕಾ ನೋಡ್ಕೋ."

ಗೊತ್ತಿಲ್ಲದವರಿಗೆ ಹೇಳಲು ನನಗೆ ಆಗಲಿಲ್ಲ. ಯಜಮಾನರು ಇರುವವರೆಗೆ ಕೆಲಸ ಹೋದೀತೆಂಬ ಭಯವಿತ್ತು. ಅವರು ತೀರಿಕೊಂಡ ಮೇಲೆ ಯಾವ ಭಯವೂ ಇರಲಿಲ್ಲ, ಆದರೂ ಹೇಳಲಿಲ್ಲ. ಹನುಮಂತಯ್ಯನವರೂ ತೀರಿಕೊಂಡರು. ಮುನಿಕೃಷ್ಣನ ಬಲಗೈ ಇಂದಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಆ ಕೈಯಲ್ಲೇ ಅವನು ಮೂವತ್ತು ವರ್ಷ ನೇಯ್ದ.

ಹೋದ ತಿಂಗಳು ಇಲ್ಲಿಯವರೆಗೆ ಬರೆದು, ಕಾಗದ ತೆಗೆದುಕೊಂಡು ಅವನ ಮನೆಗೆ ಹೋದೆ. ಪೂರ್ತಿ ಓದಿ ಹೇಳಿದೆ. ಅವನು ಎಡಗೈಯಿಂದ ಬಲ ಮೊಣಕೈ ಹಿಡಿದುಕೊಂಡು ಕೇಳಿದ.

"ಸಮುದ್ರದ ನೀರು ಕುಡಿಸ್ದಾಗ ಗೊತ್ತಿತ್ತಾ ನಿಂಗೆ?" ಎಂದು ಕೇಳಿದ.

"ಗೊತ್ತಿತ್ತು."

ಅವನು ಎದ್ದು ಒಳಗೆ ಹೋದ. ಇನ್ನು ಬರುವುದಿಲ್ಲ ಎಂದುಕೊಂಡು ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಬಾಗಿಲಿಗೆ ಬಂದು ನಿಂತ. "ಇದನ್ನ ಅಚ್ಚು ಹಾಕ್ಸು. ಮೊದ್ಲೆಲ್ಲ ಸುತ್ತಿ ಬಳಸಿ ಬರ್ದಿದೀಯ. ಹನುಮಂತಯ್ಯಂದು ಮಾತ್ರ ಎಲ್ಲಾರಿಗೂ ತಿಳಿಯೋ ಹಂಗೆ ಬರಿ," ಎಂದ. ಒಳಗೆ ಬಾ ಎನ್ನಲಿಲ್ಲ.

ಅವನು ಹೇಳಿದಂತೆ ಬರೆಯುತ್ತೇನೆ. ಹನುಮಂತಯ್ಯನವರು ಹಾಕಿದ್ದು ಹೊಸ ರಬ್ಬರು. ಹಾಕಿದ ಬ್ರೇಕು ಚೆನ್ನಾಗಿತ್ತು. ಅದಕ್ಕೆ ಎಣ್ಣೆ ಹಚ್ಚಿದವನು ನಾನು.